ಪಾಠಯೋಜನೆಯ ಆದ್ಯಾಚಾರ್ಯ ಹರ್ಬಾರ್ಟ್

ಕೃಷಿಕನು ಬೀಜವನ್ನು ಕೈಗೆತ್ತಿಕೊಳ್ಳುವ ಮುನ್ನ ನೆಲವನ್ನು ಉತ್ತು ಹದಗೊಳಿಸುತ್ತಾನೆ. ಶಿಲ್ಪಿಯು ಉಳಿಯನ್ನು ಹಿಡಿಯುವ ಮುನ್ನ ಶಿಲೆಯ ಗುಣವನ್ನು ಪರೀಕ್ಷಿಸುತ್ತಾನೆ. ಅಂತೆಯೇ ಶಿಕ್ಷಕನೂ ತರಗತಿಯ ಹೊಸ್ತಿಲನ್ನು ದಾಟುವ ಮುನ್ನ ತಾನು ಕಲಿಸಲಿರುವ ವಿಷಯವನ್ನೂ ಕಲಿಯಲಿರುವ ಮಕ್ಕಳನ್ನೂ ಮನಸ್ಸಿನಲ್ಲಿ ಎದುರಿಗಿಟ್ಟುಕೊಂಡು ಸಿದ್ಧನಾಗಬೇಕು. ಈ ಮಾತು ಇಂದು ಸರ್ವಸಮ್ಮತವಾಗಿದೆ. ಆದರೆ ಒಂದು ಪಾಠವು ಹೇಗೆ ಮೊದಲಾಗಬೇಕು, ಹೇಗೆ ಮುಂದುವರಿಯಬೇಕು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಶಾಸ್ತ್ರದ ಪ್ರಶ್ನೆಯೆಂದು ಭಾವಿಸಿ, ಮನಸ್ಸಿನ ಧರ್ಮವನ್ನು ಆಧಾರವಾಗಿಟ್ಟುಕೊಂಡು ಉತ್ತರ ಹುಡುಕಿದವರು ಲೋಕದಲ್ಲಿ ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯನಾದವನು ಜರ್ಮನಿಯ ತತ್ತ್ವಜ್ಞಾನಿ ಯೋಹಾನ್ ಫ್ರೆಡರಿಕ್ ಹರ್ಬಾರ್ಟ್.

ಕನ್ನಡ ನಾಡಿನ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಅಭ್ಯಾಸ ಮಾಡಿದವರಿಗೆ ಹರ್ಬಾರ್ಟನ ಪಂಚಸೋಪಾನಗಳೆಂಬ ಹೆಸರು ಚಿರಪರಿಚಿತ. ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂದು ಅಂಕಣಗಳನ್ನು ಎಳೆದು, ಮರುದಿನದ ಅಭ್ಯಾಸಪಾಠಕ್ಕಾಗಿ ದೀಪದ ಮುಂದೆ ಕುಳಿತು ಪಾಠಟಿಪ್ಪಣಿ ಬರೆದ ನೆನಪು ಹಿರಿಯ ಶಿಕ್ಷಕರ ಮನಸ್ಸಿನಿಂದ ಮಾಸಿರಲಾರದು. ವಿಚಿತ್ರವೆಂದರೆ, ಆ ಐದು ಸೋಪಾನಗಳನ್ನು ಆ ರೂಪದಲ್ಲಿ ಹರ್ಬಾರ್ಟನು ಎಂದೂ ಹೇಳಿರಲಿಲ್ಲ. ಅಂಕಣಗಳನ್ನು ತುಂಬಿದ ಮಾತ್ರಕ್ಕೆ ಪಾಠ ಸಿದ್ಧವಾಯಿತೆಂದು ಆತನು ಒಪ್ಪುತ್ತಲೂ ಇರಲಿಲ್ಲ. ಹೆಸರು ಮನೆಮಾತಾಗಿ, ಹೆಸರಿನ ಹಿಂದಿನ ಮನುಷ್ಯನು ಮರೆಯಾದ ಪ್ರಸಂಗವಿದು. ಆ ಮನುಷ್ಯನ ಬದುಕನ್ನು ಅರಿತವರಿಗೆ ಪಾಠಯೋಜನೆಯ ಅರ್ಥವೂ ಹೊಸದಾಗಿ ತೆರೆದುಕೊಳ್ಳುತ್ತದೆ.

ಜನನ ಮತ್ತು ಬಾಲ್ಯ

ಹರ್ಬಾರ್ಟನು 1776ನೆಯ ಇಸವಿ ಮೇ 4ರಂದು ಜರ್ಮನಿಯ ವಾಯವ್ಯ ಭಾಗದಲ್ಲಿರುವ ಓಲ್ಡನ್‌ಬರ್ಗ್ ನಗರದಲ್ಲಿ ಜನಿಸಿದನು. ಪಿತಾಮಹನು ಆ ಊರಿನ ಲ್ಯಾಟಿನ್ ಪಾಠಶಾಲೆಯ ಮುಖ್ಯಸ್ಥನಾಗಿದ್ದವನು. ತಂದೆ ನ್ಯಾಯಾಂಗದ ಅಧಿಕಾರಿ. ಹೀಗೆ ವಿದ್ಯೆ ಮತ್ತು ಶಿಸ್ತು ಎರಡೂ ಆ ಮನೆಗೆ ವಂಶಪಾರಂಪರ್ಯವಾಗಿ ಬಂದಿದ್ದವು. ಎಳವೆಯಲ್ಲಿಯೇ ಮಗು ಕುದಿಯುವ ನೀರಿನಲ್ಲಿ ಬಿದ್ದು ಪ್ರಾಣಾಪಾಯದಿಂದ ಪಾರಾಯಿತು. ಅಂದಿನಿಂದ ದೇಹವು ದುರ್ಬಲವಾಗಿಯೇ ಉಳಿಯಿತು. ಈ ಕಾರಣದಿಂದ ಬಾಲಕನನ್ನು ಶಾಲೆಗೆ ಕಳುಹಿಸದೆ, ಹನ್ನೆರಡನೆಯ ವಯಸ್ಸಿನವರೆಗೆ ಮನೆಯಲ್ಲಿಯೇ ಶಿಕ್ಷಕರನ್ನಿಟ್ಟು ಓದಿಸಲಾಯಿತು.

ತಾಯಿ ಅಸಾಧಾರಣ ಸ್ತ್ರೀ. ದೃಢಚಿತ್ತಳೂ ಬುದ್ಧಿಶಾಲಿನಿಯೂ ಆದ ಆಕೆ ಮಗನ ಪಾಠದ ಹೊತ್ತಿನಲ್ಲಿ ಬಳಿಯಲ್ಲಿ ಕುಳಿತು, ಅವನಿಗೆ ನೆರವಾಗಲೆಂದು ತಾನೂ ಗ್ರೀಕ್ ಭಾಷೆಯನ್ನು ಕಲಿತಳು. ಮಗನು ವಿಶ್ವವಿದ್ಯಾಲಯಕ್ಕೆ ಹೊರಟಾಗಲೂ ಜೊತೆಗೆ ನಡೆದಳು. ಒಬ್ಬನೇ ವಿದ್ಯಾರ್ಥಿಯ ಮನಸ್ಸಿನ ಬೆಳವಣಿಗೆಯನ್ನು ಹತ್ತಿರದಿಂದ, ಎಡೆಬಿಡದೆ, ಪ್ರೀತಿಯಿಂದ ಗಮನಿಸುವ ಕ್ರಮವು ಹರ್ಬಾರ್ಟನಿಗೆ ಮೊದಲು ದೊರೆತದ್ದು ಗ್ರಂಥಗಳಿಂದಲ್ಲ, ತಾಯಿಯಿಂದ.

1788ರಲ್ಲಿ ಬಾಲಕನು ಊರಿನ ಪ್ರೌಢಶಾಲೆಯನ್ನು ಸೇರಿದನು. ತರ್ಕ, ಗಣಿತ, ಪ್ರಾಚೀನ ಭಾಷೆಗಳು ಎಲ್ಲದರಲ್ಲಿಯೂ ಮುಂದಿದ್ದನು. ಸಂಗೀತದಲ್ಲಿ ಅವನಿಗೆ ಇದ್ದ ಪರಿಶ್ರಮ ಸಾಮಾನ್ಯವಾದುದಲ್ಲ. ಹಲವು ವಾದ್ಯಗಳನ್ನು ನುಡಿಸಬಲ್ಲವನಾಗಿದ್ದು, ಮುಂದೆ ತಾನೇ ರಚಿಸಿದ ಪಿಯಾನೋ ಕೃತಿಯೊಂದನ್ನು 1808ರಲ್ಲಿ ಪ್ರಕಟಿಸಿದನು. 1794ರಲ್ಲಿ ಶಾಲೆಯನ್ನು ಬಿಡುವಾಗ, ಪರಮ ಶ್ರೇಯಸ್ಸಿನ ವಿಷಯದಲ್ಲಿ ಸಿಸೆರೋ ಮತ್ತು ಕಾಂಟ್ ಇವರ ಮತಗಳನ್ನು ಹೋಲಿಸಿ ಲ್ಯಾಟಿನ್ ಭಾಷೆಯಲ್ಲಿ ಉಪನ್ಯಾಸ ಮಾಡಿದನು. ಆಗ ಅವನ ವಯಸ್ಸು ಹದಿನೆಂಟು.

ಯೇನಾ ನಗರದಲ್ಲಿ

ಅದೇ ವರ್ಷ ಹರ್ಬಾರ್ಟನು ಯೇನಾ ವಿಶ್ವವಿದ್ಯಾಲಯವನ್ನು ಸೇರಿದನು. ಆ ಕಾಲದಲ್ಲಿ ಯೇನಾ ಜರ್ಮನಿಯ ವಿದ್ವತ್ತಿಗೆ ತವರಿನಂತಿತ್ತು. ತತ್ತ್ವಜ್ಞಾನಿ ಫಿಖ್ಟೆಯ ಉಪನ್ಯಾಸಗಳನ್ನು ಕೇಳಲು ತರುಣರು ಮುಗಿಬೀಳುತ್ತಿದ್ದರು. ಕವಿ ಷಿಲರ್ ಅಲ್ಲಿಯೇ ಇದ್ದನು. ಹರ್ಬಾರ್ಟನ ತಾಯಿಗೆ ಅವನ ಪರಿಚಯವಾಯಿತು. ಫಿಖ್ಟೆಯ ಪ್ರತಿಭೆಗೆ ಮಣಿದರೂ ಅವನ ಮತಕ್ಕೆ ಹರ್ಬಾರ್ಟನು ಮಣಿಯಲಿಲ್ಲ. ಆತ್ಮವು ಸರ್ವಸ್ವತಂತ್ರವೆಂದು ಫಿಖ್ಟೆ ಬೋಧಿಸುತ್ತಿದ್ದನು. ಹಾಗಿದ್ದಲ್ಲಿ ಶಿಕ್ಷಣಕ್ಕೆ ಸ್ಥಾನವೆಲ್ಲಿ ಎಂಬ ಸಂದೇಹ ಶಿಷ್ಯನನ್ನು ಕಾಡಿತು. ಹೊರಗಿನ ಯಾವುದೂ ಮನಸ್ಸನ್ನು ರೂಪಿಸಲಾರದೆಂದಾದರೆ ಗುರುವಿನ ಶ್ರಮವೆಲ್ಲವೂ ವ್ಯರ್ಥವಾಗಬೇಕಲ್ಲವೇ? ಮನಸ್ಸು ಅನುಭವದಿಂದ ಬೆಳೆಯುತ್ತದೆ, ಬೆಳೆಯುವ ಕ್ರಮಕ್ಕೆ ನಿಯಮಗಳಿವೆ, ಆ ನಿಯಮಗಳನ್ನು ಅರಿತವನು ಬೆಳವಣಿಗೆಗೆ ನೆರವಾಗಬಲ್ಲನು ಎಂಬ ಎಣಿಕೆ ಅವನಲ್ಲಿ ಕ್ರಮೇಣ ಬೇರೂರಿತು. ಅದನ್ನು ಒರೆಗೆ ಹಚ್ಚುವ ಅವಕಾಶವೂ ಬೇಗನೆ ಒದಗಿತು.

ಮೂವರು ಶಿಷ್ಯರು

1797ರಲ್ಲಿ ಹರ್ಬಾರ್ಟನು ಪದವಿಯನ್ನು ಮುಗಿಸುವ ಮೊದಲೇ ಸ್ವಿಟ್ಜರ್ಲೆಂಡಿಗೆ ತೆರಳಿ, ಇಂಟರ್‌ಲಾಕೆನ್ ಪ್ರಾಂತದ ಅಧಿಕಾರಿಯಾಗಿದ್ದ ಸ್ಟೈಗರ್ ಎಂಬಾತನ ಮೂವರು ಗಂಡುಮಕ್ಕಳಿಗೆ ಮನೆಯ ಶಿಕ್ಷಕನಾಗಿ ನಿಂತನು. ಹಿರಿಯನಾದ ಲುಡ್ವಿಗನಿಗೆ ಹದಿನಾಲ್ಕು ವರ್ಷ, ಕಾರ್ಲನಿಗೆ ಹತ್ತು, ಕಿರಿಯ ರುಡಾಲ್ಫನಿಗೆ ಎಂಟು. ಗುರುವಿನ ವಯಸ್ಸು ಇಪ್ಪತ್ತೊಂದು. ಶಿಕ್ಷಣಶಾಸ್ತ್ರದ ಚರಿತ್ರೆಯಲ್ಲಿ ಈ ಚಿಕ್ಕ ಪಾಠಶಾಲೆಗೆ ದೊಡ್ಡ ಸ್ಥಾನವಿದೆ.

ಮಕ್ಕಳ ಪ್ರಗತಿಯನ್ನು ಕುರಿತು ಎರಡು ತಿಂಗಳಿಗೊಮ್ಮೆ ಲಿಖಿತ ವರದಿಯನ್ನು ಒಪ್ಪಿಸಬೇಕೆಂಬುದು ತಂದೆ ವಿಧಿಸಿದ್ದ ಕಟ್ಟಳೆ. ಆ ವರದಿಗಳಲ್ಲಿ ಐದು ಮಾತ್ರ ಇಂದಿಗೆ ಉಳಿದುಬಂದಿವೆ. ಯಜಮಾನನನ್ನು ಸಂತೋಷಪಡಿಸಲು ಬರೆದ ಒಪ್ಪಂದದ ಕಾಗದಗಳಂತೆ ಅವು ಇಲ್ಲ. ಪ್ರತಿಯೊಬ್ಬ ಹುಡುಗನ ಸ್ವಭಾವವೇನು, ಯಾವ ವಿಷಯಕ್ಕೆ ಅವನ ಮನಸ್ಸು ಅರಳುತ್ತದೆ, ಎಲ್ಲಿ ಮುದುಡುತ್ತದೆ, ಹಿಂದಿನ ಎರಡು ತಿಂಗಳ ಯೋಜನೆ ಎಷ್ಟು ಫಲಿಸಿತು, ಮುಂದೇನು ಮಾಡಬೇಕು ಎಂಬ ವಿಚಾರವೆಲ್ಲ ಅಲ್ಲಿ ಸೂಕ್ಷ್ಮವಾಗಿ ವಿವೇಚಿತವಾಗಿದೆ. ಇಂದಿನ ಶಿಕ್ಷಕರು ಬರೆಯುವ ಪಾಠದ ದಿನಚರಿಗೆ ಇವೇ ಪೂರ್ವಜರು ಎನ್ನಬಹುದು. ವ್ಯತ್ಯಾಸವಿಷ್ಟೇ: ದಿನಚರಿಯಲ್ಲಿ ಬಹುಮಟ್ಟಿಗೆ ಪಾಠದ ಹೆಸರಿರುತ್ತದೆ, ಹರ್ಬಾರ್ಟನ ವರದಿಯಲ್ಲಿ ಮಗುವಿನ ಹೆಸರಿದೆ.

ಕಿರಿಯರಿಬ್ಬರಿಗೆ ಗ್ರೀಕ್ ಭಾಷೆಯ ಪಾಠವನ್ನು ಹೋಮರನ ಒಡಿಸ್ಸಿ ಮಹಾಕಾವ್ಯದಿಂದಲೇ ಆರಂಭಿಸಿದ್ದು ಅವನ ಧೈರ್ಯಕ್ಕೆ ನಿದರ್ಶನ. ಮೊದಲು ವ್ಯಾಕರಣ, ಆಮೇಲೆ ಕಾವ್ಯ ಎಂಬುದು ಆ ಕಾಲದ ಪದ್ಧತಿ. ಎಂಟು ಹತ್ತು ವರ್ಷದ ಬಾಲಕನಿಗೆ ಸಾಹಸದ ಕಥೆ ಪ್ರಿಯ. ಕಥೆಯ ಮೇಲಿನ ಪ್ರೀತಿಯೇ ಭಾಷೆಯ ಕಷ್ಟವನ್ನು ಸಹ್ಯವಾಗಿಸುತ್ತದೆ ಎಂದು ಅವನು ನಂಬಿದನು. ಮುಂದೆ ತನ್ನ ಗ್ರಂಥದಲ್ಲಿಯೂ ಈ ಕ್ರಮವನ್ನು ಸಮರ್ಥಿಸಿದನು.

ಆದರೆ ಹಿರಿಯನಾದ ಲುಡ್ವಿಗನ ವಿಷಯದಲ್ಲಿ ಗುರುವಿಗೆ ಅಂಥ ಯಶಸ್ಸು ದೊರೆಯಲಿಲ್ಲ. ಅವನ ಸ್ವಭಾವ ಆ ವೇಳೆಗಾಗಲೇ ಒಂದು ಅಚ್ಚಿಗೆ ಬಂದು ಗಟ್ಟಿಯಾಗಿತ್ತು. ತಮ್ಮಂದಿರನ್ನು ಸೆಳೆದ ಪಾಠ ಅಣ್ಣನನ್ನು ಸೆಳೆಯಲಿಲ್ಲ. ಒಂದೇ ಛಾವಣಿಯಡಿ, ಒಂದೇ ಗುರುವಿನ ಬಳಿ, ಒಂದೇ ಮನೆತನದ ಮೂವರು ಮಕ್ಕಳಿಗೆ ಮೂರು ಬಗೆಯ ಯೋಜನೆ ಬೇಕಾಯಿತು. ಈ ಅನುಭವವನ್ನು ಹರ್ಬಾರ್ಟನು ಮುಚ್ಚಿಡಲಿಲ್ಲ, ಮರೆಯಲೂ ಇಲ್ಲ. ಪಾಠದ ಯೋಜನೆ ವಿದ್ಯಾರ್ಥಿಯ ವ್ಯಕ್ತಿತ್ವದಿಂದ ಹೊರಡಬೇಕೆಂಬ ತತ್ತ್ವವು ಅವನಿಗೆ ದೊರೆತದ್ದು ಈ ಸೋಲಿನಿಂದ.

1798ರಲ್ಲಿ ಫ್ರೆಂಚರ ಸೈನ್ಯ ಸ್ವಿಟ್ಜರ್ಲೆಂಡನ್ನು ಆಕ್ರಮಿಸಿ ಬರ್ನ್ ನಗರವನ್ನು ವಶಪಡಿಸಿಕೊಂಡಿತು. ಸ್ಟೈಗರನ ಅಧಿಕಾರವೂ ಹೋಯಿತು. ಇಂಥ ಅಲ್ಲೋಲಕಲ್ಲೋಲದ ನಡುವೆಯೂ ಪಾಠ ಮುಂದುವರಿಯಿತು. 1800ರಲ್ಲಿ ಹರ್ಬಾರ್ಟನು ಆ ಮನೆಯನ್ನು ಬಿಟ್ಟನಾದರೂ ಕಾರ್ಲನೊಡನೆ ಪತ್ರವ್ಯವಹಾರವನ್ನು ಮುಂದೆಯೂ ಇಟ್ಟುಕೊಂಡಿದ್ದನು.

ಪೆಸ್ಟಾಲೊಜಿಯ ದರ್ಶನ

ಸ್ವಿಟ್ಜರ್ಲೆಂಡಿನಲ್ಲಿದ್ದಾಗಲೇ ಹರ್ಬಾರ್ಟನು ಬುರ್ಗ್‌ಡಾರ್ಫ್ ಎಂಬ ಊರಿಗೆ ಹೋಗಿ, ಬಡಮಕ್ಕಳ ಬಂಧುವೆಂದು ಹೆಸರಾಗಿದ್ದ ಪೆಸ್ಟಾಲೊಜಿಯನ್ನು ಕಂಡನು. ಆ ವೃದ್ಧ ಗುರುವಿನ ಪಾಠವನ್ನು ಕಣ್ಣಾರೆ ನೋಡಿದನು. ಚಿಕ್ಕ ಮಕ್ಕಳು ಒಟ್ಟಾಗಿ ಉಚ್ಚರಿಸುತ್ತ, ಕೈಯಿಂದ ಗೆರೆಗಳನ್ನು ಬರೆಯುತ್ತ, ಬೇಸರವಿಲ್ಲದೆ ಕಲಿಯುತ್ತಿದ್ದರು. ಅಲ್ಲಿ ಶಾಸ್ತ್ರದ ಬಿಗಿಯಿರಲಿಲ್ಲ. ಆದರೆ ಜೀವಂತಿಕೆ ಇತ್ತು. ಕಂಡ ವಸ್ತುವಿನಿಂದ ಹೊರಟು ಕಾಣದ ಭಾವನೆಯ ಕಡೆಗೆ ನಡೆಯಬೇಕೆಂಬ ಪೆಸ್ಟಾಲೊಜಿಯ ಮಾರ್ಗವು ಹರ್ಬಾರ್ಟನಿಗೆ ಒಪ್ಪಿಗೆಯಾಯಿತು. 1802ರಲ್ಲಿ ಅದರ ವಿವೇಚನೆಗಾಗಿಯೇ ಗ್ರಂಥವೊಂದನ್ನು ಬರೆದನು.

ಆದರೆ ಅಲ್ಲಿಗೇ ನಿಲ್ಲಲಿಲ್ಲ. ಪೆಸ್ಟಾಲೊಜಿ ತನ್ನ ಹೃದಯದ ಬಲದಿಂದ ಸಾಧಿಸಿದ್ದನ್ನು ಸಾಮಾನ್ಯ ಶಿಕ್ಷಕನು ಹೇಗೆ ಸಾಧಿಸಬೇಕು? ಮಹಾತ್ಮರ ಪ್ರತಿಭೆ ಇನ್ನೊಬ್ಬರ ಕೈಗೆ ಬರುವಂಥದಲ್ಲ. ಕೈಗೆ ಕೊಡಬಹುದಾದದ್ದು ಕ್ರಮ ಮಾತ್ರ. ಕಣ್ಣು ಕಂಡದ್ದು ಮನಸ್ಸಿನೊಳಗೆ ಹೊಕ್ಕ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತಲ್ಲದೆ ಅಂಥ ಕ್ರಮವು ಸಿದ್ಧಿಸದೆಂದು ಅವನಿಗೆ ತೋರಿತು. ಪೆಸ್ಟಾಲೊಜಿ ಬಿಟ್ಟ ಎಡೆಯಿಂದ ಹರ್ಬಾರ್ಟನ ಸ್ವಂತ ಕೆಲಸ ಪ್ರಾರಂಭವಾಯಿತು.

ಔಚಿತ್ಯಪ್ರಜ್ಞೆಯ ಬೋಧೆ

ಬ್ರೆಮೆನ್ ನಗರದಲ್ಲಿ ಎರಡು ವರ್ಷಗಳನ್ನು ಅಧ್ಯಯನದಲ್ಲಿ ಕಳೆದು, 1802ರಲ್ಲಿ ಹರ್ಬಾರ್ಟನು ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪದವಿಯನ್ನು ಪಡೆದು ಅಲ್ಲಿಯೇ ಅಧ್ಯಾಪಕನಾದನು. ಶಿಕ್ಷಣಶಾಸ್ತ್ರವನ್ನು ಕುರಿತು ಆ ವರ್ಷ ಮಾಡಿದ ಮೊದಲ ಉಪನ್ಯಾಸಗಳಲ್ಲಿಯೇ ಅವನು ತನ್ನ ಸಮಗ್ರ ಚಿಂತನೆಯ ತಿರುಳನ್ನು ಹೇಳಿಬಿಟ್ಟನು.

ಶಾಸ್ತ್ರವು ಸಾಮಾನ್ಯ ನಿಯಮಗಳನ್ನು ಹೇಳುತ್ತದೆ. ತರಗತಿಯಲ್ಲಿ ಎದುರಾಗುವುದಾದರೋ ವಿಶೇಷ ಸಂದರ್ಭ. ಪ್ರಶ್ನೆ ಕೇಳಿದ ಹುಡುಗನು ಕಣ್ಣೆದುರು ನಿಂತಿರುವಾಗ ಗ್ರಂಥವನ್ನು ತೆರೆದು ನಿಯಮವನ್ನು ಹುಡುಕಲು ಸಮಯವಿಲ್ಲ. ಆ ಕ್ಷಣದಲ್ಲಿ ನೆರವಿಗೆ ಬರುವುದು ತತ್‌ಕ್ಷಣ ನಿರ್ಣಯಿಸುವ ಒಂದು ಒಳಗಣ್ಣು. ಭಾರತೀಯ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದನ್ನು ಔಚಿತ್ಯಪ್ರಜ್ಞೆಯೆಂದು ಹೇಳಿದರೆ ಬೇಗನೆ ತಿಳಿಯುತ್ತದೆ. ಈ ಪ್ರಜ್ಞೆಯನ್ನು ಗ್ರಂಥವು ಕೊಡಲಾರದು. ಅದು ಮೂಡುವುದು ಕಲಿಸುತ್ತ ಕಲಿಸುತ್ತ. ಆದರೆ ಕೇವಲ ಅನುಭವವನ್ನು ನಂಬಿದವನು ತನ್ನ ತಪ್ಪುಗಳನ್ನೇ ರೂಢಿಸಿಕೊಳ್ಳುವ ಅಪಾಯವೂ ಉಂಟು. ಆದುದರಿಂದ ಶಿಕ್ಷಕನು ಮುಂಚಿತವಾಗಿ ಶಾಸ್ತ್ರಚಿಂತನೆಯಿಂದ ತನ್ನ ಮನಸ್ಸನ್ನು ಹದಗೊಳಿಸಿಕೊಂಡಿರಬೇಕು. ಹಾಗೆ ಹದಗೊಂಡ ಮನಸ್ಸಿನಲ್ಲಿ ಮಾತ್ರ ಸರಿಯಾದ ಔಚಿತ್ಯಪ್ರಜ್ಞೆ ಬೆಳೆಯುತ್ತದೆ.

ಹರ್ಬಾರ್ಟನ ದೃಷ್ಟಿಯಲ್ಲಿ ಪೂರ್ವಸಿದ್ಧತೆಯೆಂದರೆ ಮುಖ್ಯವಾಗಿ ಶಿಕ್ಷಕನ ಮನಸ್ಸಿನ ಸಿದ್ಧತೆ. ಕಾಗದದ ಮೇಲಿನ ಬರಹ ಅದರ ಗುರುತು ಮಾತ್ರ.

ನಾಲ್ಕು ಹಂತಗಳು

1806ರಲ್ಲಿ, ನೆಪೋಲಿಯನ್ನನ ಸೈನ್ಯವು ಪ್ರಷ್ಯವನ್ನು ಸೋಲಿಸಿದ ವರ್ಷದಲ್ಲಿಯೇ, ಹರ್ಬಾರ್ಟನ ಶಿಕ್ಷಣಶಾಸ್ತ್ರದ ಪ್ರಧಾನ ಗ್ರಂಥ ಬೆಳಕು ಕಂಡಿತು. ಶಿಕ್ಷಣದ ಪರಮ ಗುರಿ ಶೀಲವೆಂದು ಅದರಲ್ಲಿ ಪ್ರತಿಪಾದಿತವಾಗಿದೆ. ಶೀಲವು ಉಪದೇಶದಿಂದ ಬಾರದು, ದಂಡನೆಯಿಂದಲೂ ಬಾರದು. ಮನಸ್ಸು ಹಲವು ಮುಖವಾಗಿ ಅರಳಿ, ಲೋಕದ ನಾನಾ ವಸ್ತುಗಳಲ್ಲಿ ಆಸಕ್ತಿಯನ್ನು ಪಡೆದಾಗ ಒಳ್ಳೆಯದನ್ನು ಬಯಸುವ ಶಕ್ತಿ ತಾನಾಗಿ ಮೂಡುತ್ತದೆ. ಆದ್ದರಿಂದ ಪಾಠವೂ ಶೀಲವೂ ಬೇರೆ ಬೇರೆಯಲ್ಲ. ಗಣಿತದ ಪಾಠವನ್ನು ಚೆನ್ನಾಗಿ ಮಾಡುವವನೂ ಶೀಲವನ್ನು ಕಟ್ಟುತ್ತಿರುತ್ತಾನೆ.

ಆಸಕ್ತಿಗೆ ಅವನು ಕೊಟ್ಟ ಸ್ಥಾನ ಅಪೂರ್ವವಾದುದು. ಮಕ್ಕಳು ಪಾಠವನ್ನು ಕಲಿಯಲೆಂದು ಆಸಕ್ತಿಯನ್ನು ಕೆರಳಿಸುವುದು ಲೋಕರೂಢಿ. ಹರ್ಬಾರ್ಟನು ಅದನ್ನು ತಿರುವುಮುರುವಾಗಿಸಿದನು. ಪಾಠ ಮುಗಿದ ಮೇಲೆಯೂ ಆಸಕ್ತಿ ಉಳಿಯಬೇಕು. ಅದನ್ನು ಉಳಿಸುವುದಕ್ಕಾಗಿಯೇ ಪಾಠ. ಅನುಭವ, ಚಿಂತನೆ, ಸೌಂದರ್ಯ ಎಂಬ ಮೂರು ವಸ್ತುಜ್ಞಾನಕ್ಕೆ ಸೇರಿದವು. ಸಹಾನುಭೂತಿ, ಸಮಾಜ, ಧರ್ಮ ಎಂಬ ಮೂರು ಮಾನವಸಂಬಂಧಕ್ಕೆ ಸೇರಿದವು. ಹೀಗೆ ಆಸಕ್ತಿಯನ್ನು ಆರು ಬಗೆಯಾಗಿ ವಿಂಗಡಿಸಿ, ಒಂದೂ ಬಾಡದಂತೆ ನೋಡಿಕೊಳ್ಳಬೇಕೆಂದು ವಿಧಿಸಿದನು.

ಹೊಸ ವಿಷಯವು ಮನಸ್ಸಿನಲ್ಲಿ ನೆಲೆಗೊಳ್ಳುವ ಬಗೆಯನ್ನೂ ಅವನು ವಿಚಾರಿಸಿದನು. ಮಗುವಿನ ಮನಸ್ಸು ಖಾಲಿ ಪಾತ್ರೆಯಲ್ಲ. ಹಿಂದೆ ಕಂಡದ್ದು ಕೇಳಿದ್ದು ಅಲ್ಲಿ ಸಂಚಿತವಾಗಿರುತ್ತದೆ. ಅದರಲ್ಲಿ ಬಹುಭಾಗ ಪ್ರಜ್ಞೆಯ ಹೊಸ್ತಿಲಿನ ಕೆಳಗೆ ಮಲಗಿರುತ್ತದೆ. ಹೊಸ ಭಾವನೆ ಬಂದಾಗ, ಅದಕ್ಕೆ ನಂಟಾದ ಹಳೆಯ ಭಾವನೆಗಳು ಎದ್ದು ಬಂದು ಎದುರುಗೊಂಡರೆ ಮಾತ್ರ ಅದು ಒಳಗೆ ಸೇರುತ್ತದೆ. ಎದುರುಗೊಳ್ಳುವವರಿಲ್ಲದ ಅತಿಥಿಯಂತೆ ಉಳಿದದ್ದು ಬಾಗಿಲಿನಿಂದಲೇ ಹಿಂದಿರುಗುತ್ತದೆ. ಶಿಕ್ಷಕನು ಪಾಠಕ್ಕೆ ಮೊದಲು ಮಕ್ಕಳಿಗೆ ಗೊತ್ತಿರುವುದನ್ನು ವಿಚಾರಿಸಬೇಕೆಂಬ ಇಂದಿನ ನಿಯಮದ ಮೂಲ ಇಲ್ಲಿದೆ.

ಮನಸ್ಸಿಗೆ ಎರಡು ಚಲನೆಗಳುಂಟು: ಒಂದೊಂದು ವಸ್ತುವಿನಲ್ಲಿ ಮುಳುಗುವುದು, ಮುಳುಗಿದ್ದನ್ನೆಲ್ಲ ಕೂಡಿಸಿಕೊಂಡು ಮೇಲೇಳುವುದು. ಇವು ಮನಸ್ಸಿನ ಉಚ್ಛ್ವಾಸ ನಿಶ್ವಾಸಗಳಿದ್ದಂತೆ. ಇವುಗಳಿಂದ ನಾಲ್ಕು ಹಂತಗಳು ಹುಟ್ಟುತ್ತವೆ: ಸ್ಪಷ್ಟತೆ, ಸಂಬಂಧ, ವ್ಯವಸ್ಥೆ, ವಿಧಾನ. ಹರ್ಬಾರ್ಟನು ಹೇಳಿದ್ದು ಈ ನಾಲ್ಕನ್ನೇ.

ಕನ್ನಡ ವ್ಯಾಕರಣದ ಲೋಪಸಂಧಿಯ ಪಾಠವನ್ನು ಉದಾಹರಣೆಗೆ ತೆಗೆದುಕೊಂಡರೆ ಇವುಗಳ ಸ್ವರೂಪ ವಿಶದವಾಗುತ್ತದೆ. ಮೊದಲು ಊರಲ್ಲಿ, ಮಾತಿಲ್ಲ, ಬೇರೊಬ್ಬ ಎಂಬ ಪದಗಳನ್ನು ಒಂದೊಂದಾಗಿ ಕಪ್ಪುಹಲಗೆಯ ಮೇಲೆ ಬರೆದು, ಊರು ಅಲ್ಲಿ, ಮಾತು ಇಲ್ಲ, ಬೇರೆ ಒಬ್ಬ ಎಂದು ಮಕ್ಕಳಿಂದಲೇ ಬಿಡಿಸಿ ಹೇಳಿಸುವುದು ಸ್ಪಷ್ಟತೆ. ಇಲ್ಲಿ ಅವಸರ ಸಲ್ಲದು. ಅನಂತರ ಗುರುವನ್ನು, ಮನೆಯಿಂದ ಎಂಬ ಪದಗಳನ್ನು ಪಕ್ಕದಲ್ಲಿಟ್ಟು, ಅಲ್ಲಿ ಸ್ವರ ಏಕೆ ಬಿಟ್ಟುಹೋಗಲಿಲ್ಲ ಎಂದು ಕೇಳುವುದು ಸಂಬಂಧ. ಗುರನ್ನು, ಮನಿಂದ ಎಂದು ಮಕ್ಕಳು ತಾವೇ ಹೇಳಿ ನೋಡಿ, ಅರ್ಥ ಕೆಟ್ಟಿತೆಂದು ನಗಬೇಕು. ಆ ನಗುವಿನಲ್ಲಿಯೇ ನಿಯಮದ ಅರ್ಧಭಾಗ ಕೈವಶವಾಗಿರುತ್ತದೆ. ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ, ಪೂರ್ವಪದದ ಕೊನೆಯ ಸ್ವರ ಲೋಪವಾಗುತ್ತದೆ ಎಂಬ ಸೂತ್ರವನ್ನು ಕಟ್ಟಿ, ಸಂಧಿಪ್ರಕರಣದಲ್ಲಿ ಅದಕ್ಕೊಂದು ಸ್ಥಾನವನ್ನು ಕೊಡುವುದು ವ್ಯವಸ್ಥೆ. ಕೊನೆಗೆ ಮಕ್ಕಳು ಓದದ ಗದ್ಯಭಾಗವೊಂದನ್ನು ಕೊಟ್ಟು, ಅವರೇ ಹುಡುಕಿ ಬಿಡಿಸುವಂತೆ ಮಾಡುವುದು ವಿಧಾನ. ಸೂತ್ರವನ್ನು ಮೊದಲೇ ಒಪ್ಪಿಸಿ ಉದಾಹರಣೆಗಳನ್ನು ಬಾಯಿಪಾಠ ಮಾಡಿಸಿದರೂ ಪರೀಕ್ಷೆಯಲ್ಲಿ ಅಂಕ ಬರಬಹುದು. ಆದರೆ ಅರ್ಥ ಕೆಡದಿದ್ದರೆ ಎಂಬ ಮಾತನ್ನು ಸೂತ್ರದಲ್ಲಿ ಏಕೆ ಸೇರಿಸಿದ್ದಾರೆಂಬುದು ಅಂಥ ವಿದ್ಯಾರ್ಥಿಗೆ ಎಂದೂ ಹೊಳೆಯುವುದಿಲ್ಲ.

ಈ ನಾಲ್ಕು ಹಂತಗಳೂ ಒಂದೇ ಗಂಟೆಯ ಅವಧಿಯಲ್ಲಿ ಮುಗಿಯಲೇಬೇಕೆಂದು ಹರ್ಬಾರ್ಟನು ಕಟ್ಟುಮಾಡಿರಲಿಲ್ಲ. ಅವು ಕಲಿಯುವ ಮನಸ್ಸು ನಡೆಯುವ ದಾರಿಯ ನಿರೂಪಣೆ, ಗಡಿಯಾರದ ವಿಭಾಗಗಳಲ್ಲ.

ಕೊನಿಗ್ಸ್‌ಬರ್ಗಿನ ಪ್ರಯೋಗಶಾಲೆ

1809ರಲ್ಲಿ ಹರ್ಬಾರ್ಟನಿಗೆ ಕೊನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಕರೆ ಬಂದಿತು. ಮಹಾದಾರ್ಶನಿಕ ಕಾಂಟನು ಅಲಂಕರಿಸಿದ್ದ ಪೀಠವದು. ಅಂಥ ಪೀಠವನ್ನೇರಿದವನು ತತ್ತ್ವಚಿಂತನೆಯಲ್ಲಿಯೇ ತೃಪ್ತನಾಗಬಹುದಾಗಿತ್ತು. ಹರ್ಬಾರ್ಟನು ಹಾಗೆ ಮಾಡದೆ, ಶಿಕ್ಷಕರಾಗಲಿರುವ ತರುಣರಿಗಾಗಿ ಒಂದು ಅಭ್ಯಾಸಕೇಂದ್ರವನ್ನೂ ಅದಕ್ಕೆ ಹೊಂದಿದ ಚಿಕ್ಕ ಶಾಲೆಯೊಂದನ್ನೂ ಸ್ಥಾಪಿಸಿದನು. ಉಪನ್ಯಾಸವನ್ನು ಕೇಳಿದ ತರುಣರು ಅಲ್ಲಿ ಮಕ್ಕಳಿಗೆ ಪಾಠ ಮಾಡಬೇಕು. ಮಾಡಿದ ಪಾಠವನ್ನು ಕುರಿತು ಗುರುವಿನ ಸಮಕ್ಷದಲ್ಲಿ ಚರ್ಚೆ ನಡೆಯಬೇಕು. ಅಭ್ಯಾಸಪಾಠ ಮತ್ತು ವಿಮರ್ಶೆಯೆಂದು ಇಂದು ತರಬೇತಿ ಸಂಸ್ಥೆಗಳಲ್ಲಿ ನಡೆಯುವ ಪದ್ಧತಿಗೆ ಈ ಕೇಂದ್ರವು ಒಂದು ಮುಖ್ಯ ಮೇಲ್ಪಂಕ್ತಿ.

1811ರಲ್ಲಿ ಹರ್ಬಾರ್ಟನು ಮೇರಿ ಡ್ರೇಕ್ ಎಂಬ ಇಂಗ್ಲಿಷ್ ಕನ್ಯೆಯನ್ನು ವಿವಾಹವಾದನು. ಅವರಿಗೆ ಸಂತಾನವಾಗಲಿಲ್ಲ. ಕೇಂದ್ರದ ವಿದ್ಯಾರ್ಥಿಗಳೇ ಆ ಮನೆಯ ಮಕ್ಕಳಾದರು. 1824 ಮತ್ತು 1825ರಲ್ಲಿ ಮನಶ್ಶಾಸ್ತ್ರವನ್ನು ಗಣಿತದ ತಳಹದಿಯ ಮೇಲೆ ನಿಲ್ಲಿಸಲೆತ್ನಿಸಿದ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಭಾವನೆಗಳ ಬಲವನ್ನು ಸಮೀಕರಣಗಳಿಂದ ಅಳೆಯುವ ಆ ಪ್ರಯತ್ನವು ಮುಂದಿನವರಿಗೆ ಸಮ್ಮತವಾಗಲಿಲ್ಲ. ಆದರೆ ಮನಸ್ಸನ್ನು ಶಾಸ್ತ್ರೀಯವಾಗಿ ಪರಿಶೀಲಿಸಬಹುದೆಂಬ ಧೈರ್ಯವನ್ನು ಅದು ಕೊಟ್ಟಿತು.

ಇಪ್ಪತ್ತನಾಲ್ಕು ವರ್ಷಗಳ ಸೇವೆಯ ಬಳಿಕ 1833ರಲ್ಲಿ ಹರ್ಬಾರ್ಟನು ಗಾಟಿಂಗೆನ್‌ಗೆ ಮರಳಿದನು. ಅವನು ಹೊರಟ ಮೇಲೆ ಕೊನಿಗ್ಸ್‌ಬರ್ಗಿನ ಅಭ್ಯಾಸಕೇಂದ್ರವು ಉಳಿಯಲಿಲ್ಲ. ನಡೆಸುವ ಮನಸ್ಸು ಇಲ್ಲವಾದಾಗ ಸಂಸ್ಥೆಯ ಗೋಡೆಗಳು ಏನನ್ನೂ ಕಾಪಾಡಲಾರವು.

ಕಡೆಯ ವರ್ಷಗಳು

1835ರಲ್ಲಿ ತನ್ನ ಶಿಕ್ಷಣೋಪನ್ಯಾಸಗಳ ಸಂಗ್ರಹವನ್ನು ಹರ್ಬಾರ್ಟನು ಪ್ರಕಟಿಸಿದನು. ಮೂವತ್ತು ವರ್ಷಗಳ ಪರಿಪಾಕವನ್ನು ಅದರಲ್ಲಿ ಕಾಣಬಹುದು. ಆದರೆ ಮುಪ್ಪು ನಿಶ್ಚಿಂತವಾಗಿ ಕಳೆಯಲಿಲ್ಲ. 1837ರಲ್ಲಿ ಹನೋವರಿನ ದೊರೆಯು ರಾಜ್ಯಾಂಗವನ್ನು ರದ್ದುಗೊಳಿಸಿದಾಗ ಗಾಟಿಂಗೆನ್ನಿನ ಏಳು ಮಂದಿ ಪ್ರಾಧ್ಯಾಪಕರು ಪ್ರತಿಭಟಿಸಿ ಹುದ್ದೆಗಳನ್ನು ಕಳೆದುಕೊಂಡರು. ಜಾನಪದ ಕಥೆಗಳಿಂದ ಪ್ರಸಿದ್ಧರಾದ ಗ್ರಿಮ್ ಸಹೋದರರೂ ಅವರಲ್ಲಿ ಇದ್ದರು. ಆಗ ವಿಭಾಗದ ಮುಖ್ಯಸ್ಥನಾಗಿದ್ದ ಹರ್ಬಾರ್ಟನು ಅವರ ಪಕ್ಷದಲ್ಲಿ ನಿಲ್ಲಲಿಲ್ಲ. ರಾಜಕೀಯದಿಂದ ವಿಶ್ವವಿದ್ಯಾಲಯವನ್ನು ದೂರವಿಡಬೇಕೆಂಬುದು ಅವನ ಎಣಿಕೆಯಾಗಿತ್ತು. ಶೀಲವೇ ಶಿಕ್ಷಣದ ಗುರಿಯೆಂದು ಜೀವಮಾನವೆಲ್ಲ ಬೋಧಿಸಿದವನ ಈ ಮೌನವು ಅನೇಕ ವಿದ್ಯಾರ್ಥಿಗಳನ್ನು ನೋಯಿಸಿತು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಇಂಥ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಗುರುವಾದವನಿಗೆ ತರಗತಿಯ ಹೊರಗೂ ಪಾಠವುಂಟು. ಅಲ್ಲಿ ಅವನ ನಡತೆಯೇ ನಿರೂಪಣೆ.

1841ನೆಯ ಇಸವಿ ಆಗಸ್ಟ್ 14ರಂದು ಪಾರ್ಶ್ವವಾಯುವಿಗೆ ತುತ್ತಾಗಿ ಹರ್ಬಾರ್ಟನು ಗಾಟಿಂಗೆನ್ನಿನಲ್ಲಿ ದಿವಂಗತನಾದನು. ಕೊನೆಯ ದಿನಗಳವರೆಗೂ ಅವನು ಪಾಠವನ್ನು ಬಿಟ್ಟಿರಲಿಲ್ಲ.

ನಾಲ್ಕು ಐದಾದ ಬಗೆ

ಜೀವಿತಕಾಲದಲ್ಲಿ ಹರ್ಬಾರ್ಟನ ಶಿಕ್ಷಣಗ್ರಂಥಗಳಿಗೆ ದೊರೆತ ಮನ್ನಣೆ ಅಲ್ಪ. ಅವನು ತೀರಿಕೊಂಡ ಸುಮಾರು ಕಾಲು ಶತಮಾನದ ಮೇಲೆ, ಲೈಪ್ಸಿಗ್ ನಗರದ ಟುಯಿಸ್ಕನ್ ಜಿಲ್ಲರನು 1865ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ವಿಚಾರಗಳು ಮರುಹುಟ್ಟು ಪಡೆದವು. ಜಿಲ್ಲರನು ಸ್ಪಷ್ಟತೆಯೆಂಬ ಮೊದಲ ಹಂತವನ್ನು ಎರಡಾಗಿ ಒಡೆದನು: ಗೊತ್ತಿರುವುದನ್ನು ಬಿಡಿಸಿಕೊಳ್ಳುವುದು, ಹೊಸದನ್ನು ಕೊಡುವುದು. ಹೀಗೆ ನಾಲ್ಕು ಐದಾಯಿತು. ಯೇನಾದ ವಿಲ್ಹೆಲ್ಮ್ ರೈನನು ಆ ಐದಕ್ಕೆ ಶಿಕ್ಷಕರಿಗೆ ಸುಲಭವಾಗಿ ತಿಳಿಯುವ ಹೆಸರುಗಳನ್ನಿಟ್ಟು ವ್ಯಾಪಕ ಪ್ರಚಾರ ಕೊಟ್ಟನು. ಯೇನಾಕ್ಕೆ ನಾನಾ ದೇಶಗಳಿಂದ ಶಿಕ್ಷಕರು ಬಂದು ಕಲಿತರು. ಅಮೆರಿಕದಲ್ಲಿ ಡಿ ಗಾರ್ಮೊ ಮತ್ತು ಮ್ಯಾಕ್‌ಮರಿ ಸಹೋದರರು ಮುಂದಾಳುಗಳಾಗಿ, 1895ರಲ್ಲಿ ಹರ್ಬಾರ್ಟನ ಹೆಸರಿನ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಜಪಾನಿಗೆ ಈ ಪದ್ಧತಿಯನ್ನು ಜರ್ಮನ್ ಪ್ರಾಧ್ಯಾಪಕ ಹೌಸ್‌ಕ್ನೆಕ್ಟನು 1887ರಿಂದ ಟೋಕಿಯೋದಲ್ಲಿ ಬೋಧಿಸಿದನು. ಇಂಗ್ಲಿಷ್ ಗ್ರಂಥಗಳ ಮೂಲಕ ಭಾರತದ ತರಬೇತಿ ಸಂಸ್ಥೆಗಳಿಗೂ ಅದು ಬಂದು ಸೇರಿತು.

ಪ್ರಚಾರದೊಡನೆ ಜಡತೆಯೂ ಬೆಳೆಯಿತು. ವಿಷಯ ಯಾವುದೇ ಇರಲಿ, ಮಕ್ಕಳು ಯಾರೇ ಇರಲಿ, ಐದು ಸೋಪಾನಗಳನ್ನು ಹತ್ತಿಸಲೇಬೇಕೆಂಬ ಕಟ್ಟಳೆ ಬಂದಿತು. ಕವಿತೆಯ ಪಾಠಕ್ಕೆ ಸಾಮಾನ್ಯೀಕರಣವೇನು, ಕೈಕೆಲಸದ ಪಾಠಕ್ಕೆ ಹೋಲಿಕೆಯೇನು ಎಂದು ತರಬೇತಿಯ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳುವಂತಾಯಿತು. ಅಂಕಣವು ಖಾಲಿ ಉಳಿಯಬಾರದೆಂಬ ಭಯದಿಂದ ಏನನ್ನಾದರೂ ತುಂಬುವ ಅಭ್ಯಾಸವೂ ಬೆಳೆಯಿತು. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿಯು 1916ರ ತನ್ನ ಗ್ರಂಥದಲ್ಲಿ, ಹರ್ಬಾರ್ಟನು ಬೋಧನೆಯನ್ನು ಆಕಸ್ಮಿಕದ ಹಿಡಿತದಿಂದ ಬಿಡಿಸಿದನೆಂದು ಮೆಚ್ಚಿ, ಅವನ ಪದ್ಧತಿಯಲ್ಲಿ ಶಿಕ್ಷಕನಿಗೆ ಸಿಕ್ಕ ಸ್ಥಾನ ಕಲಿಯುವ ಮಗುವಿಗೆ ಸಿಗಲಿಲ್ಲವೆಂದು ಆಕ್ಷೇಪಿಸಿದನು. ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಸ್ಟೈಗರನ ಮೂವರು ಮಕ್ಕಳಿಗೆ ಮೂರು ದಾರಿಗಳನ್ನು ಹುಡುಕಿದ ತರುಣ ಶಿಕ್ಷಕನಿಗಿಂತ, ಅವನ ಹೆಸರಿನಲ್ಲಿ ಬೆಳೆದ ಸಂಪ್ರದಾಯಕ್ಕೆ ಅದು ಹೆಚ್ಚು ಸಲ್ಲುತ್ತದೆ.

ಪಾಠಟಿಪ್ಪಣಿಯ ರೂಪ ಕಾಲಕಾಲಕ್ಕೆ ಬದಲಾಗಿದೆ. ಪಂಚಸೋಪಾನಗಳ ಬಳಿಕ ಉದ್ದೇಶಾಧಾರಿತ ಯೋಜನೆ ಬಂದಿತು. ಅದರ ತರುವಾಯ, ಮಗು ತಾನೇ ಜ್ಞಾನವನ್ನು ಕಟ್ಟಿಕೊಳ್ಳುತ್ತದೆಂಬ ರಚನಾವಾದವನ್ನು ಆಧರಿಸಿದ ಐದು ಇ ಮಾದರಿ ಬಂದಿದೆ. ಆ ಮಾದರಿಯನ್ನು ರೂಪಿಸಿದವರು ಅದರ ಪೂರ್ವಚರಿತ್ರೆಯನ್ನು ಹೇಳುವಾಗಲೂ ಹರ್ಬಾರ್ಟನಿಂದಲೇ ಮೊದಲುಮಾಡುತ್ತಾರೆ. ಅಂಕಣಗಳ ಹೆಸರು ಯಾವುದಾದರೂ ಆಗಲಿ, ಅವುಗಳನ್ನು ತುಂಬುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬದಲಾಗಿಲ್ಲ. ಈ ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ? ಹೊಸದನ್ನು ಎದುರುಗೊಳ್ಳಲು ಅವರ ಮನಸ್ಸಿನಲ್ಲಿ ಯಾರು ಕಾದಿದ್ದಾರೆ? ಗಂಟೆ ಬಾರಿಸಿದ ಮೇಲೆ ಅವರೊಡನೆ ಮನೆಗೆ ಹೋಗುವುದು ಯಾವುದು?

ಇಂಟರ್‌ಲಾಕೆನ್ನಿನ ಮನೆಯೊಂದರಲ್ಲಿ ಇಪ್ಪತ್ತೊಂದು ವರ್ಷದ ತರುಣನು ಎರಡು ತಿಂಗಳಿಗೊಮ್ಮೆ ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಬರೆಯಲು ಕುಳಿತನು. ಒಬ್ಬನ ವಿಷಯದಲ್ಲಿ ಸೋತನು, ಇಬ್ಬರ ವಿಷಯದಲ್ಲಿ ಗೆದ್ದನು, ಎರಡನ್ನೂ ಮುಚ್ಚುಮರೆಯಿಲ್ಲದೆ ದಾಖಲಿಸಿದನು. ಪಾಠಯೋಜನೆಯೆಂಬ ವಿದ್ಯೆ ಹುಟ್ಟಿದ್ದು ಆ ಪ್ರಾಮಾಣಿಕತೆಯಿಂದ. ಮರುದಿನದ ಪಾಠಕ್ಕಾಗಿ ಇಂದು ರಾತ್ರಿ ಟಿಪ್ಪಣಿಯ ಪುಸ್ತಕವನ್ನು ತೆರೆಯುವ ಶಿಕ್ಷಕನು ಮೊದಲು ಒಬ್ಬ ವಿದ್ಯಾರ್ಥಿಯ ಮುಖವನ್ನು ನೆನೆದು ಆಮೇಲೆ ಲೇಖನಿಯನ್ನು ಹಿಡಿದರೆ, ಆ ಆಚಾರ್ಯನ ಋಣವು ಸಂದಂತಾಗುತ್ತದೆ.